ಮೊಣಕಾಲಿನ ತನಕ

೬ ಏಪ್ರಿಲ್ ೧೯೫೪, ಮಂಗಳವಾರ. ಚಿತ್ತಾಪುರ

ಅತ್ತೆಯವರನ್ನು ಇವತ್ತು ಶಹಾಬಾದಿನ ಡಾಕ್ಟರಿಗೆ ತೋರಿಸಿಕೊಂಡು ಬಂದೆವು. ಹೋದ ವಾರ ಅಡಿಗೆಮನೆಯಲ್ಲಿ ಕಣ್ಣಿಗೆ ಕತ್ತಲು ಬಂದು ಕಂಬ ಹಿಡಿದು ನಿಂತಿದ್ದರು. ಕೇಳಿದರೆ, ಕಂಬಕ್ಕೆ ಹುಳ ಹತ್ತಿದೆಯೋ ಏನೋ ನೋಡುತ್ತಿದ್ದೆ ಎಂದರು.

ಡಾಕ್ಟರ ಹೆಸರು ಪ್ರಹ್ಲಾದರಾವ್. ತೋಳಿಗೆ ಪಟ್ಟಿ ಸುತ್ತಿ, ರಬ್ಬರಿನ ಚೆಂಡು ಒತ್ತಿ, ಪಾದರಸ ಏರುವುದನ್ನು ನೋಡಿದರು. ರಕ್ತದ ಒತ್ತಡ ಇನ್ನೂರು ದಾಟಿದೆ. ಪಟ್ಟಿ ಬಿಗಿಯಾಗುವಾಗ ಅತ್ತೆ ಡಾಕ್ಟರಿಗೆ ಬೈಯುತ್ತಿದ್ದರು. ಬೈದದ್ದಕ್ಕೆ ಒಂದಿಷ್ಟು ಕಳೆದು ಲೆಕ್ಕ ಹಿಡಿಯಬಹುದಲ್ಲ ಎಂದು ನಮ್ಮ ಮನೆಯವರು, ಇವರು, ಕೇಳಿದರು. ಡಾಕ್ಟರು ಒಪ್ಪಲಿಲ್ಲ.

ನನ್ನನ್ನು ಬದಿಗೆ ಕರೆದು, "ಹಿಂಗೇ ಇದ್ದರ ಒಂದು ಮಗ್ಗಲು ಹೋದೀತು," ಎಂದರು. ಅತ್ತೆಯ ಅಕ್ಕನಿಗೆ ಸೇಡಂದಲ್ಲಿ ಹಾಗೇ ಆಗಿದೆ. ಬಲಗೈ ಇಲ್ಲ, ಮಾತು ಇಲ್ಲ. ಅತ್ತೆಯ ಮಾತು ಹೋದರೆ ಮನೆ ಹೇಗಿರುತ್ತದೆ ಎಂದು ವಾಡಿಯಲ್ಲಿ ಗಾಡಿ ಬದಲಿಸುವ ತನಕ ವಿಚಾರ ಮಾಡಿದೆ. ಕಲ್ಪನೆಗೆ ಬರಲಿಲ್ಲ.

ಗುಳಿಗೆ ಕೊಟ್ಟಿದ್ದಾರೆ. ಉಪ್ಪು ಕಡಿಮೆ, ಸಿಟ್ಟು ಬೇಡ, ದಿನಾ ಮೈ ಸಡಿಲ ಬಿಡುವ ಅಭ್ಯಾಸ. ಮಾಡಿಸುವವಳು ನಾನು, ಬಿ.ಎ. ಓದಿದವಳೆಂದು. ಜೂನ್ ಮೊದಲಿಗೆ ಮತ್ತೆ ತೋರಿಸಬೇಕು.

ಜೂನ್ ಹದಿನಾಲ್ಕಕ್ಕೆ ನಾನು ಇಲ್ಲಿಯ ಹೆಣ್ಣುಮಕ್ಕಳ ಸಾಲಿಗೆ ಟೀಚರಾಗಿ ಸೇರಬೇಕಾದದ್ದು. ಕೂಸನ್ನು ಅತ್ತೆ ನೋಡಿಕೊಳ್ಳುವುದೆಂದು ಮಾತಾಗಿತ್ತು. ಇವರು ಗಾಡಿಯಲ್ಲೇ ಹೇಳಿಬಿಟ್ಟರು: "ಒತ್ತಡ ಇಳೀಲಿಲ್ಲಂದ್ರ ಅವ್ವನ ಮ್ಯಾಲ ಕೂಸಿನ ಭಾರ ಹಾಕೂದು ಬ್ಯಾಡ. ಸಾಲಿಗಿ ಬರೂದಿಲ್ಲಂತ ತಿಳಿಸಿಬಿಡು." ನಾನು ಹೂಂ ಎಂದೆ. ಅತ್ತೆ ಗಾಢನಿದ್ದೆಯಲ್ಲಿದ್ದಂತೆ ಕಾಣುತ್ತಿದ್ದರು.

ಅವರು ನೆಟ್ಟಗಿರಲಿ ಎಂದು ನಾನು ಬಯಸುವುದು ಅವರಿಗಾಗಿಯೋ, ಸಾಲಿಗಾಗಿಯೋ? ಕಾಲೇಜಿನಲ್ಲಿ ನನ್ನ ವಿಷಯ ತರ್ಕಶಾಸ್ತ್ರ. ಇದು ಬಗೆಹರಿಯಲಿಲ್ಲ. ಕೂಸು ಐದು ತಿಂಗಳದ್ದು, ಹಗಲೆಲ್ಲ ಮಲಗಿ ರಾತ್ರಿ ಆಡುತ್ತದೆ. ಅದು ಮಲಗಿದ ಮೇಲೂ ನನಗೆ ನಿದ್ದೆ ಇಲ್ಲ. ಆ ಹೊತ್ತು ಸುಮ್ಮನೆ ಹೋಗಬಾರದೆಂದು ಈ ದಿನಚರಿ.

೯ ಏಪ್ರಿಲ್, ಶುಕ್ರವಾರ

ಇವರ ಹುಕುಂ: ಅವ್ವನಿಗೆ ಯಾರೂ ಎದುರಾಡಬಾರದು, ಮನೆಯಲ್ಲಿ ಸಪ್ಪಳ ಇರಬಾರದು. ಮೂರು ದಿನ ಹಾಗೇ ನಡೆಯಿತು. ಹಾಲಿನ ಭಾಗಮ್ಮ ಸಹಿತ ಮೆತ್ತಗೆ ಬಂದು ಮೆತ್ತಗೆ ಹೋದಳು.

ಮಧ್ಯಾಹ್ನ ಅತ್ತೆ, "ಈ ಸಾರು ಉಪ್ಪಿಲ್ಲದ ಕಲಗಚ್ಚು," ಎಂದರು.

"ಹೌದ್ರಿ ಅತ್ತಿ," ಎಂದೆ.

"ನಿಮ್ಮ ತವರಮನಿ ಅಡಿಗಿನೂ ಹಿಂಗೇ."

"ಹೌದ್ರಿ."

ಅತ್ತೆ ತಾಟು ಸರಿಸಿ ನನ್ನನ್ನು ನೋಡಿದರು. "ಸುಗಲಾ, ಖರೆ ಹೇಳು. ನಾ ಸಾಯಾಕತ್ತೀನೇನು?"

ಸಂಜೆಗೆ ಅವರ ತಲೆನೋವು ಹೆಚ್ಚಾಯಿತು. ಇವರು ಹುಕುಂ ಹಿಂದಕ್ಕೆ ತೆಗೆದುಕೊಂಡರು.

೧೨ ಏಪ್ರಿಲ್, ಸೋಮವಾರ

ಉಸಿರಿನ ಅಭ್ಯಾಸ. ದೀಪದ ಮುಂದೆ ಕುಳಿತು, ಜ್ಯೋತಿ ಬಾಗಬೇಕು ಆದರೆ ಆರಬಾರದು, ಹಾಗೆ ಸಾವಕಾಶ ಉಸಿರು ಬಿಡುವುದೆಂದು ಡಾಕ್ಟರು ತೋರಿಸಿದ್ದರು. ದೀಪ ಹಚ್ಚಿಟ್ಟೆ.

"ದೀಪಕ್ಕ ಊದಂತೀ?"

"ಆರಿಸೂದಲ್ರಿ. ಬರೇ ಬಾಗಿಸೂದು."

"ಇವತ್ತ ಬಾಗಿಸು ಅಂತೀದಿ. ನಾಳಿಗಿ?"

ಅತ್ತೆ ದೀಪಕ್ಕೆ ಕೈಮುಗಿದು ಎದ್ದು ಹೋದರು. ದೀಪದ ಮುಂದೆ ನಾನು ಒಬ್ಬಳೇ ಕುಳಿತಿದ್ದೆ. ಹೇಗೂ ಹಚ್ಚಿದ್ದೆನಲ್ಲ ಎಂದು ಸ್ವಲ್ಪ ಹೊತ್ತು ಊದಿದೆ. ಬಾಗಿತು.

೧೩ ಏಪ್ರಿಲ್, ಮಂಗಳವಾರ

ಉಳಿದದ್ದು ಶವಾಸನ. ಪಡಸಾಲೆಯ ತಣ್ಣನೆಯ ಪರಸಿ ಕಲ್ಲಿನ ನೆಲದ ಮೇಲೆ ಚಾಪೆ ಹಾಸಿದೆ. ಹೆಣದ ಹಾಗೆ ಅಂಗಾತ ಮಲಗಬೇಕು, ಕಾಲ ಬೆರಳಿನಿಂದ ಹಣೆಯ ತನಕ ಒಂದೊಂದೇ ಅಂಗ ಸಡಿಲ ಬಿಡಬೇಕು, ನಾನು ಮೆತ್ತಗೆ ಹೇಳುತ್ತ ಹೋಗಬೇಕು ಎಂದು ತಿಳಿಸಿದೆ.

"ಹೆಣದ ಹಾಂಗ?"

"ಹೌದ್ರಿ. ಡಾಕ್ಟರೇ ಅಂದಾರ."

"ಡಾಕ್ಟರ ಯಾವ ಮಂದಿ?"

"ವೈಷ್ಣವರು."

"ಹಾಂಗಂದ್ರ ಅವರ ಹೆಣ ಮಲಗತದ. ನಮ್ಮ ಹೆಣ ಕುಂದ್ರತದ. ಲಿಂಗ ಕಟ್ಟಿಕೊಂಡವರನ್ನ ಯಾರರೆ ಮಲಗಿಸಿ ಮಣ್ಣು ಮಾಡ್ತಾರೇನು? ನಿಮ್ಮಪ್ಪ ಇಷ್ಟೂ ಹೇಳಿಲ್ಲೇನು ನಿನಗ?"

ಮಾತು ಸರಿಯಾಗಿತ್ತು. ನಮ್ಮಲ್ಲಿ ಸತ್ತವರನ್ನು ಗೋಡೆಗೆ ಆನಿಸಿ ಕೂರಿಸುತ್ತಾರೆ, ಅಂಗೈಯಲ್ಲಿ ಲಿಂಗ ಇಡುತ್ತಾರೆ, ಕುಳಿತಂತೆಯೇ ಸಮಾಧಿ ಮಾಡುತ್ತಾರೆ. ಡಾಕ್ಟರಿಗೆ ಇದು ಹೊಳೆದಿಲ್ಲ. ನನಗೂ ಹೊಳೆಯಲಿಲ್ಲ.

"ಹಂಗಾರ ಕುಂತೇ ಮಾಡ್ರಿ," ಎಂದೆ.

ಅತ್ತೆ ಕಂಬಕ್ಕೆ ಬೆನ್ನು ಕೊಟ್ಟು ಪದ್ಮಾಸನ ಹಾಕಿ, ಕೊರಳಿನ ಲಿಂಗ ತೆಗೆದು ಎಡಗೈಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದರು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನಾನು ಶುರು ಮಾಡಿದೆ. ಹೆಬ್ಬೆರಳು ಸಡ್ಲ ಬಿಡ್ರಿ. ಹಿಮ್ಮಡ ಸಡ್ಲ ಬಿಡ್ರಿ. ಮೀನಗಂಡ ಸಡ್ಲ ಬಿಡ್ರಿ.

"ಸಣ್ಣ ದನಿಲೆ ಹೇಳು. ತಹಸೀಲದಾಗ ಹೆಸರು ಕರದಾಂಗ ಕರೀಬ್ಯಾಡ."

ಹಣೆಯ ತನಕ ಮುಗಿಸಿದೆ. ಆ ಹೊತ್ತಿಗೆ ಕೂಸು ಮಲಗಿತ್ತು. ಅತ್ತೆ ಕಣ್ಣು ತೆರೆದು, ಮೇಲೆ ಅಟ್ಟದಲ್ಲಿ ಇಲಿ ಇದೆ ಎಂದರು.

೧೭ ಏಪ್ರಿಲ್, ಶನಿವಾರ

ಅಭ್ಯಾಸ ದಿನಾ ಮಧ್ಯಾಹ್ನ ಊಟವಾದ ಮೇಲೆ ನಡೆಯುತ್ತಿದೆ. ಬಿಸಿಲಿಗೆ ಓಣಿಯಲ್ಲಿ ನಾಯಿಯೂ ಇರುವುದಿಲ್ಲ. ಗುಳಿಗೆ ತಪ್ಪಿಸುತ್ತಿಲ್ಲ.

ರಾತ್ರಿ ಕೂಸಿನ ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡುವುದು ನನಗೆ ಮೊದಲಿನಿಂದ ಇದೆ. ಈಗ ಅತ್ತೆಯದೂ ನೋಡಿ ಬರುತ್ತೇನೆ. ನಿನ್ನೆ ಕೈ ಹಿಡಿದಾಗ, ಕಣ್ಣು ತೆರೆಯದೆ, "ಇನ್ನಾ ಅದೀನಿ. ಹೋಗಿ ಮಲಕೋ," ಎಂದರು.

ಹೋದೆ. ಮಲಗಲಿಲ್ಲ.

೨೦ ಏಪ್ರಿಲ್, ಮಂಗಳವಾರ

ಒಂದು ತೊಡಕು. ಕುತ್ತಿಗೆ ಸಡಿಲ ಬಿಟ್ಟಕೂಡಲೇ ಅತ್ತೆಯ ತಲೆ ಮುಂದೆ ವಾಲುತ್ತದೆ, ಎಚ್ಚರಾಗುತ್ತದೆ, ಸಿಟ್ಟು ಬರುತ್ತದೆ. ಸಿಟ್ಟು ಬೇಡವೆಂದು ಡಾಕ್ಟರು ಹೇಳಿದ್ದಾರೆ. ಅತ್ತೆಯೇ ಹಾದಿ ಹುಡುಕಿದರು. ತೀರಿಹೋದ ಮಾವನವರ ಬಿಳಿ ಧೋತರ ಹರಿದು, ಹಣೆಯ ಮೇಲಿಂದ ಸುತ್ತಿ ಕಂಬಕ್ಕೆ ಕಟ್ಟಿಸಿಕೊಂಡರು. ತಲೆ ನೆಟ್ಟಗೆ ನಿಂತಿತು. ಊಟದ ಮುಂಚೆ ಹಚ್ಚಿಕೊಂಡ ವಿಭೂತಿ ಅಳಿಸಬಾರದೆಂದು ಪಟ್ಟಿಯನ್ನು ಸ್ವಲ್ಪ ಮೇಲೆ ಕಟ್ಟಿದೆ.

ಇಂಥ ಕಟ್ಟು ಎಲ್ಲೋ ನೋಡಿದ್ದೇನೆ ಅನಿಸಿತು. ಎಲ್ಲಿ ಎಂದು ನೆನಪಾಗಲಿಲ್ಲ. ರಾತ್ರಿ ಬರೇ ಎರಡು ತಾಸು ನಿದ್ದೆ.

೨೮ ಏಪ್ರಿಲ್, ಬುಧವಾರ

ಇವತ್ತು ಸೊಂಟದ ತನಕ ಹೇಳಿದ್ದು ನೆನಪಿದೆ. ಆಮೇಲೆ ಭಾಗಮ್ಮ ಹಾಲು ತಂದು ಬಾಗಿಲಲ್ಲಿ ನಿಂತಿದ್ದಳು. ನನ್ನ ಕೆನ್ನೆಯ ಮೇಲೆ ಪರಸಿಯ ಗೆರೆ ಮೂಡಿತ್ತು. ಅತ್ತೆ ಹಾಗೇ ಕುಳಿತಿದ್ದರು. ಪೂರ್ತಿ ಸಡಿಲಾದರೋ ಇಲ್ಲವೋ ಗೊತ್ತಾಗಲಿಲ್ಲ. ಒಪ್ಪಿಸಿದ ಕೆಲಸ ನನ್ನಿಂದ ಸರಿಯಾಗಿ ಆಗುತ್ತಿಲ್ಲ.

೪ ಮೇ, ಮಂಗಳವಾರ

ತೊಡೆ.

೧೧ ಮೇ, ಮಂಗಳವಾರ

ಮೊಣಕಾಲು. ಸೆಕೆ ಭಾಳ. ಜೂನ್ ಹತ್ತಿರ ಬಂತು, ಒತ್ತಡ ಇಳಿದಿದೆಯೋ ಏರಿದೆಯೋ ತಿಳಿಯಲು ಮನೆಯಲ್ಲಿ ಯಂತ್ರವಿಲ್ಲ. ಅತ್ತೆ ಬೈಯುವಾಗ ಕಿವಿ ಕೆಂಪಾಗುವುದು ಕಡಿಮೆಯಾಗಿದೆ ಎಂದು ನನಗೆ ಅನಿಸುತ್ತದೆ. ಇದನ್ನು ಡಾಕ್ಟರಿಗೆ ಹೇಳಬಹುದೋ ಇಲ್ಲವೋ.

೨೧ ಮೇ, ಶುಕ್ರವಾರ

ಇವತ್ತು ಅತ್ತೆ ತೀರಿಕೊಂಡರೆಂದು ಸುದ್ದಿಯಾಯಿತು. ಆದದ್ದನ್ನು ಆದ ಹಾಗೇ ಬರೆಯುತ್ತೇನೆ. ನಾನು ನೋಡದ್ದನ್ನು ಭಾಗಮ್ಮ ಹೇಳಿದಳು.

ಮಧ್ಯಾಹ್ನ ಎಂದಿನಂತೆ ಕಟ್ಟಿ ಕೂರಿಸಿ ಹೆಬ್ಬೆರಳಿನಿಂದ ಶುರು ಮಾಡಿದೆ. ಮೊಣಕಾಲು ನೆನಪಿದೆ. ಆ ಹೊತ್ತಿಗೆ ಪಕ್ಕದ ಮನೆಯ ಚಂದಮ್ಮ ಹಾಲಿಗೆ ಹೆಪ್ಪು ಕೇಳಲು ಬಂದಿದ್ದಾಳೆ. ಬಾಗಿಲು ತೆರೆದೇ ಇತ್ತು. ಅತ್ತೆ ಕಂಬಕ್ಕೆ ಕುಳಿತಿದ್ದಾರೆ, ಹಣೆಗೆ ವಿಭೂತಿ, ತಲೆಗೆ ಬಿಳಿ ಅರಿವೆಯ ಕಟ್ಟು, ಅಂಗೈಯಲ್ಲಿ ಲಿಂಗ. ಅವರ ಕಾಲ ಹತ್ತಿರ ನಾನು ಬಾಯಿ ತೆರೆದು ಬಿದ್ದಿದ್ದೇನೆ.

ಚಂದಮ್ಮನ ದನಿ ಮೂರು ಓಣಿಗೆ ಕೇಳುತ್ತದೆ. ಒಂದು ಗಳಿಗೆಯಲ್ಲಿ ಪಡಸಾಲೆ ತುಂಬಿತು. ಟಾಂಗಾದ ಮಜೀದಸಾಬ, "ಅಮ್ಮಾ ಗುಜರ್ ಗಯೇ," ಎನ್ನುತ್ತ ಸ್ಟೇಶನ್ನಿಗೆ ಟಾಂಗಾ ಓಡಿಸಿ, ವಾಡಿಯ ರೈಲ್ವೆ ಮಾಲ್ ಆಫೀಸಿನಲ್ಲಿದ್ದ ಇವರಿಗೆ ಅಲ್ಲಿಂದ ತಾರಿನಲ್ಲಿ ಸುದ್ದಿ ಮುಟ್ಟಿಸಿದ. ಮಠದ ರೇವಣಸಿದ್ದಯ್ಯನವರು ಬಂದು, ನೋಡಿ, ಕೈಮುಗಿದರಂತೆ.

"ಎಷ್ಟು ಚಂದ ಕುಂತಾರ ನೋಡ್ರಿ. ಲಿಂಗ ಕೈಯಾಗೇ ಅದ. ಇಂಥ ಸಾವು ಎಷ್ಟು ಮಂದಿಗಿ ಬರತದ?"

"ಕಟ್ಟೂದೂ ಆಗ್ಯದಲ್ರಿ ಅಯ್ನೋರ," ಎಂದಳಂತೆ ಭಾಗಮ್ಮ. "ಸೊಸಿ ಕಾಲೇಜ ಕಲತಾಕಿ ಅಂತ ನಾವು ಅಂತಿದ್ದೆವು. ಒಬ್ಬಾಕೆ ಎಲ್ಲಾ ಪದ್ಧತಿ ಮಾಡಿ, ಆಮ್ಯಾಲ ದುಃಖ ತಡಿಲಾರದ ಎಚ್ಚರ ತಪ್ಪ್ಯಾಳ. ಪುಣ್ಯಾತ್ಗಿತ್ತಿ."

"ಮುದುಕಿ ಬಿರುಸು ಇದ್ದಳು ಬಿಡ," ಎಂದು ಚಂದಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳಂತೆ. "ನಮ್ಮ ಕಬ್ಬಿಣದ ಹಾರಿ ಒಯ್ದು ವರ್ಷಾತು. ಇನ್ನ ಯಾರನ್ನ ಕೇಳಬೇಕು?"

"ಹಾಲಿಗಿ ನೀರು ಬಿದ್ರ ನೋಡದೇ ಹೇಳ್ತಿದ್ದಳು," ಎಂದು ಭಾಗಮ್ಮ. ಇದನ್ನು ಹೊಗಳಿ ಹೇಳಿದ್ದೆಂದು ನನಗೆ ಎರಡು ಸಲ ತಿಳಿಸಿದಳು.

ಇಷ್ಟು ಹೊತ್ತಿಗೆ ನನಗೆ ಎಚ್ಚರಾಯಿತು. ಸುತ್ತಲೂ ಜನ ಅಳುತ್ತಿದ್ದಾರೆ. ಅತ್ತೆ ಕಟ್ಟಿಸಿಕೊಂಡು ಕುಳಿತಿದ್ದಾರೆ. ಆ ಕಟ್ಟನ್ನು ಎಲ್ಲಿ ನೋಡಿದ್ದೆ ಎಂಬುದು ಆಗ ನೆನಪಾಯಿತು: ನಮ್ಮಜ್ಜಿಯನ್ನು ಕೂರಿಸಿದ್ದು. ಕಟ್ಟಿದವಳು ನಾನೇ ಎಂಬುದು ಮಾತ್ರ ನೆನಪಾಗಲಿಲ್ಲ. ದಿನಾ ರಾತ್ರಿ ಮೂಗಿನ ಹತ್ತಿರ ಕೈ ಹಿಡಿಯುವವಳು ನಾನು. ಇವತ್ತು ಕೈ ಏಳಲಿಲ್ಲ. ಬಾಯಿ ಮಾತ್ರ ಎದ್ದಿತು. ನಾನು ಅತ್ತೆಯ ಮೊಣಕಾಲು ಹಿಡಿದು ಅಲ್ಲಾಡಿಸಿ, "ಏಳ್ರಿ ಅತ್ತೀ, ಸಾಲಿ ಬ್ಯಾಡ ನನಗ, ಸಾರಿಗಿ ಉಪ್ಪು ಹಾಕ್ತೀನಿ, ಏಳ್ರಿ," ಎಂದೆನಂತೆ. ಇದಕ್ಕೆ ಓಣಿಯೇ ಸಾಕ್ಷಿ ಇದೆ.

ಅತ್ತೆ ಕಣ್ಣು ತೆರೆಯಲಿಲ್ಲ. "ಮೊಣಕಾಲಿಗೇ ನಿಂದ್ರಿಸೀದಿ," ಎಂದರು. "ಮುಂದ ಹೇಳು."

ಚಂದಮ್ಮ ಭಾಗಮ್ಮನ ಮೇಲೆ ಬಿದ್ದಳು. ಮೂರು ಜನ ಹೊಸ್ತಿಲು ದಾಟಿ ಓಡಿದರು. ರೇವಣಸಿದ್ದಯ್ಯನವರ ಕಾಲಿನ ಒಂದು ಕಟ್ಟಿಗೆಯ ಆವಿಗೆ ಇನ್ನೂ ನಮ್ಮ ಮನೆಯಲ್ಲಿದೆ.

"ಚಂದಮ್ಮ," ಎಂದರು ಅತ್ತೆ, ಇನ್ನೂ ಕಣ್ಣು ಮುಚ್ಚಿಯೇ. "ಹಾರಿ ಹಿತ್ತಲದಾಗ ಅದ. ಒಯ್ಯಿ."

ಇವರು ಸಂಜೆ ಮಾಲಗಾಡಿಯ ಗಾರ್ಡಿನ ಡಬ್ಬಿಯಲ್ಲಿ ಕುಳಿತು ಬಂದರು. ಕಣ್ಣು ಊದಿದ್ದವು. ಜೊತೆಗೆ ಆಫೀಸಿನ ಇಬ್ಬರು, ಒಂದು ದೊಡ್ಡ ಹೂವಿನ ಹಾರ. ಅತ್ತೆ ರೊಟ್ಟಿ ಬಡಿಯುತ್ತಿದ್ದರು. "ಬಾ ನಾಗೇಂದ್ರಪ್ಪ, ಜಲ್ದಿ ಬಂದಿ ಇವತ್ತ," ಎಂದರು. ಹಾರ ಕೆಡಬಾರದೆಂದು ಬಾಗಿಲಿಗೆ ಕಟ್ಟಿಸಿದರು. ಆಫೀಸಿನವರು ಊಟ ಮಾಡಿ ಹೋದರು. ಸಾರಿಗೆ ಉಪ್ಪಿಲ್ಲ ಎಂದು ಯಾರೂ ಹೇಳಲಿಲ್ಲ.

೨೨ ಮೇ, ಶನಿವಾರ

ಅಷ್ಟು ಮಂದಿ ಅಳುವಾಗ ಯಾಕೆ ಸುಮ್ಮನೆ ಕುಳಿತಿದ್ದಿರಿ ಎಂದು ಕೇಳಿದೆ.

"ಯಾರ್‍ಯಾರು ಏನೇನಂತಾರ ಅಂತ ಕೇಳಾಕತ್ತಿದ್ದೆ. ಸತ್ತವರಿಗಿ ಇದನ್ನ ಕೇಳೂ ಪುರಸತ್ತು ಎಲ್ಲಿ ಸಿಗತದ?"

ಆಮೇಲೆ ಇನ್ನೊಂದು ಕೇಳಿದೆ. ನಾನು ದಿನಾ ಎಲ್ಲಿಯ ತನಕ ಹೇಳುತ್ತೇನೆ ಎಂದು.

"ಮೊದಲ ಹಣಿ ತನಕ ಹೇಳ್ತಿದ್ದಿ. ಆಮ್ಯಾಲ ಸೊಂಟಕ್ಕಿಳದಿ. ಈಗ ಮೊಣಕಾಲು."

"ಉಳಿದದ್ದು?"

"ನಾನೇ ಮನಸಿನ್ಯಾಗ ಹೇಳ್ಕೋತೀನಿ."

"ನನ್ನನ್ನ ಎಬ್ಬಿಸಬೇಕಿಲ್ಲೇನ್ರಿ? ಭಾಗಮ್ಮ ಬರೂ ತನಕ ಹಾಂಗೇ ಕುಂದ್ರತೀರಿ?"

"ಹಂದಾಡಬ್ಯಾಡಂತ ಡಾಕ್ಟರ ಅಂದಾನ."

ಡಾಕ್ಟರ ಮಾತನ್ನು ಅತ್ತೆ ಇಷ್ಟು ಕಟ್ಟುನಿಟ್ಟಾಗಿ ನಡೆಸುತ್ತಾರೆಂದು ನನಗೆ ಗೊತ್ತಿರಲಿಲ್ಲ. ಉಪ್ಪಿನ ವಿಷಯದಲ್ಲಿ ಹಾಗಿಲ್ಲ.

೫ ಜೂನ್, ಶನಿವಾರ

ಶಹಾಬಾದ. ಪಟ್ಟಿ ಸುತ್ತಿದರು. ಪಾದರಸ ಏರುವಾಗ ನಾನು ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತಿದ್ದೆ. ಕ್ಯಾಲೆಂಡರು ಹೋದ ವರ್ಷದ್ದು.

ಡಾಕ್ಟರು ಒಮ್ಮೆ ನೋಡಿದರು, ಮತ್ತೊಮ್ಮೆ ನೋಡಿದರು. ನೂರಾ ಅರವತ್ತು ಚಿಲ್ಲರೆ. ಪೂರ್ತಿ ಸರಿಯಾಗಿಲ್ಲ, ಗುಳಿಗೆ ಬಿಡಬಾರದು, ಆದರೆ ಭಯ ಇಳಿಯಿತು ಎಂದರು.

"ಶವಾಸನ ಮಾಡಾಕತ್ತೀರೇನ್ರಿ ತಾಯಿ?"

"ನಮ್ಮ ಪದ್ಧತಿದು ಮಾಡಾಕತ್ತೀನಿ."

ಡಾಕ್ಟರಿಗೆ ಸಂತೋಷವಾಯಿತು. ಎಲ್ಲ ರೋಗಿಗಳಿಗೂ ಹೇಳುತ್ತೇನೆ, ಯಾರೂ ಮಾಡುವುದಿಲ್ಲ ಎಂದರು. ಅತ್ತೆ ಕಣ್ಣೆತ್ತಿ ನನ್ನನ್ನು ನೋಡಿದರು. ನಾನು ಮತ್ತೆ ಕ್ಯಾಲೆಂಡರು ನೋಡಿದೆ.

ಗಾಡಿಯಲ್ಲಿ ಇವರು, "ಇಳದದ ಖರೆ, ಆದ್ರ ಕೂಸಿನ ಭಾರ ಅಂದ್ರ..." ಎಂದು ಶುರು ಮಾಡಿದರು.

"ಅಕಿ ಸಾಲಿಗಿ ಹೋಗ್ತಾಳ," ಎಂದರು ಅತ್ತೆ.

"ಅವ್ವಾ, ನಿನಗ ಏನರೆ ಆದ್ರ?"

"ಏನಾಗತದ? ಸಾಯೂದು ಒಮ್ಮೆ ಮುಗದದ. ಹಾರ ತಂದವ ನೀನೇ ಅಲ್ಲೇನು?"

ಇವರು ಕಿಟಕಿಯ ಹೊರಗೆ ಕಲ್ಲಿನ ಗಣಿ ನೋಡಿದರು. ಹೋದ ಸಲ ಇದೇ ಗಾಡಿಯಲ್ಲಿ ಅತ್ತೆ ನಿದ್ದೆಯಲ್ಲಿ ಇದ್ದರೋ ಇಲ್ಲವೋ ಎಂದು ಈಗ ಸಂಶಯ ಬಂದಿದೆ.

೧೦ ಜೂನ್, ಗುರುವಾರ

ಅತ್ತೆ ಸೇಡಂಗೆ ಹೋಗಿ ಅಕ್ಕನಿಗೂ ಅಭ್ಯಾಸ ಕಲಿಸಿ ಬಂದರು. "ಅಕಿಗಿ ಭಾಳ ಸಸಾರ. ಒಂದು ಮಗ್ಗಲು ಮೊದಲೇ ಸಡ್ಲ ಅದ," ಎಂದರು. ರಾತ್ರಿ ಊಟ ಅರ್ಧಕ್ಕೇ ಬಿಟ್ಟರು. ನಾನು ಹೇಳದೆಯೇ ಅಭ್ಯಾಸಕ್ಕೆ ಎರಡನೇ ಸಲ ಕಂಬಕ್ಕೆ ಕುಳಿತರು.

೧೪ ಜೂನ್, ಸೋಮವಾರ

ಸೇರಿದೆ. ಮೂರನೇ ಇಯತ್ತೆ. ಹುಡುಗಿಯರು ಹದಿನೇಳು, ಒಬ್ಬಳು ದಿನವಿಡೀ ಅತ್ತಳು. ನಾಳೆ ಬರೆಯುತ್ತೇನೆ.

೨೦ ಜೂನ್, ರವಿವಾರ

ಬರೆಯಲಾಗಲಿಲ್ಲ. ಬರೆಯುವ ಹೊತ್ತು ಮೊದಲು ರಾತ್ರಿ ಬೇಕಾದಷ್ಟು ಇರುತ್ತಿತ್ತು. ಈಚೆಗೆ ಅದು ಎಲ್ಲಿ ಹೋಗುತ್ತಿದೆಯೋ ತಿಳಿಯುತ್ತಿಲ್ಲ. ಸಾಲಿಯ ಕೆಲಸ ಹೆಚ್ಚಾಯಿತೆಂದು ಕಾಣುತ್ತದೆ.

ಇವತ್ತು ರಜೆ. ಮಧ್ಯಾಹ್ನ ಅತ್ತೆಯನ್ನು ಕಂಬಕ್ಕೆ ಕೂರಿಸಿದೆ. ಬಾಗಿಲಿಗೆ ಈಗ ಒಳಗಿನಿಂದ ಚಿಲಕ ಹಾಕುತ್ತೇವೆ. ಹಿಮ್ಮಡ ಹೇಳಿದ್ದೆನೋ ಇಲ್ಲವೋ.

ಎಚ್ಚರಾದಾಗ ಅತ್ತೆ ಕಟ್ಟು ಬಿಚ್ಚಿಕೊಂಡು, ನನ್ನ ಪಕ್ಕದಲ್ಲಿ ಬಾಗಿ ಕುಳಿತಿದ್ದರು. ಕೂಸು ಅವರ ತೊಡೆಯ ಮೇಲಿತ್ತು. ಅವರ ಕೈ ನನ್ನ ಮೂಗಿನ ಹತ್ತಿರ ಇತ್ತು.

"ಏನ್ರಿ ಅತ್ತಿ?"

"ನೊಣ ಕುಂತಿತ್ತು," ಎಂದು ಕೈ ತೆಗೆದರು.

ನೊಣ ನನಗೆ ಕಾಣಲಿಲ್ಲ.